ಮೇಲ್ಗಿವಿ ಚುಚ್ಚಿಸಿಕೊಂಡ ಮಗಳಿಗೆ

ಪುಟ್ಟಿ,

ಫೋಟೋ ನೋಡಿದೆ. ತೂತು ನೇರವಾಗಿ ಬಿದ್ದಿದೆ, ಅಂಚಿಗೆ ತೀರಾ ಹತ್ತಿರವೂ ಇಲ್ಲ. ಗನ್ ಬೇಡವೆಂದು ಸೂಜಿಯಲ್ಲೇ ಚುಚ್ಚಿಸಿಕೊಂಡೆಯಲ್ಲ, ಅದು ಸರಿಯಾದ ಕೆಲಸ. ಗನ್ ಮೊಂಡು ಕಡ್ಡಿಯನ್ನು ಬಲವಾಗಿ ನೂಕುತ್ತದೆ. ಕೆಳಗಿನ ಹಾಲೆ ಅದನ್ನು ಹೇಗೋ ತಾಳಿಕೊಳ್ಳುತ್ತದೆ, ಮೇಲ್ಗಿವಿ ಒಳಗೇ ಜಜ್ಜಿಹೋಗಬಹುದು.

ಆದರೆ "ಹಾಲೆಯದು ಎರಡು ತಿಂಗಳೊಳಗೇ ವಾಸಿಯಾಗಿತ್ತು, ಇದೂ ಆಗುತ್ತೆ ಬಿಡಮ್ಮ" ಅಂದಿದ್ದೀಯಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹಾಲೆಯಲ್ಲಿ ಇರುವುದು ಕೊಬ್ಬು ಮತ್ತು ಚರ್ಮ, ರಕ್ತ ಚೆನ್ನಾಗಿ ಹರಿಯುತ್ತದೆ. 6ರಿಂದ 8 ವಾರದಲ್ಲಿ ಗಾಯ ಮಾಯುತ್ತದೆ. ಮೇಲಂಚಿನಲ್ಲಿ ಇರುವುದು ಮೃದ್ವಸ್ಥಿ, ಅಂದರೆ ಬಾಗುವಂಥ ಮೆತ್ತನೆ ಎಲುಬು. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ. ಮೇಲೆ ಹೊದ್ದಿರುವ ತೆಳು ಪೊರೆಯಿಂದ ಇಂಗಿ ಬಂದಷ್ಟೇ ಅದಕ್ಕೆ ಆಹಾರ. ಹಿಂದೆ ಬುಗುಡಿ ಇಡುತ್ತಿದ್ದ ಜಾಗವೂ ಇದೇ. ಪೂರ್ತಿ ಮಾಯಲು 6 ತಿಂಗಳಿಂದ ಒಂದು ವರ್ಷ ಬೇಕು. ಗಾಯ ಎರಡೂ ಹೊರತುದಿಗಳಿಂದ ಒಳಕ್ಕೆ ಮಾಯುತ್ತಾ ಹೋಗುತ್ತದೆ. ಹಾಗಾಗಿ ಎರಡನೇ ತಿಂಗಳಿಗೆ ಹೊರಗಿನಿಂದ ಎಲ್ಲ ಸರಿಹೋದಂತೆ ಕಂಡರೂ ನಡುವೆ ಇನ್ನೂ ಹಸಿ ಗಾಯವೇ. ಹೆಚ್ಚಿನವರು ಓಲೆ ಬದಲಾಯಿಸಿ ಕೆಡಿಸಿಕೊಳ್ಳುವುದು ಆಗಲೇ.

ತೊಳೆಯುವುದು ದಿನಕ್ಕೆ ಎರಡೇ ಸಲ. ಅದಕ್ಕಿಂತ ಹೆಚ್ಚಾದರೆ ಚರ್ಮ ಒಣಗಿ ಕೆರಳುತ್ತದೆ. ಮೊದಲು ಸೋಪಿನಲ್ಲಿ ಕೈ ತೊಳೆದುಕೋ. ಮೆಡಿಕಲ್ ಶಾಪಿನಲ್ಲಿ 0.9% ನಾರ್ಮಲ್ ಸಲೈನ್ ಕೇಳು, ಇರುವುದರಲ್ಲೇ ಚಿಕ್ಕ ಬಾಟಲಿ ಸಾಕು. ಅದರಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ಯಾವ ಮದ್ದೂ ಇರುವುದಿಲ್ಲ, ತೆರೆದು 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿಬಿಡು. ಹಾಸ್ಟೆಲ್ಲಿನ ಲೋಟದಲ್ಲಿ ಅಂದಾಜಿನ ಮೇಲೆ ಉಪ್ಪುನೀರು ಕಲಸಬೇಡ. ಉಪ್ಪು ಸಾಮಾನ್ಯವಾಗಿ ಹೆಚ್ಚೇ ಬೀಳುತ್ತದೆ, ಗಾಯ ಉರಿಯುತ್ತದೆ.

ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ, ಮುಂದೆ ಹಿಂದೆ ಎರಡೂ ಕಡೆ ಎರಡು ಮೂರು ನಿಮಿಷ ಸುಮ್ಮನೆ ಒತ್ತಿ ಹಿಡಿ. ಹತ್ತಿ ಬೇಡ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಕಡ್ಡಿಯ ಬುಡದಲ್ಲಿ ಬಿಳಿಯೋ ತಿಳಿ ಹಳದಿಯೋ ಆದ ಹಕ್ಕಳೆ ಕಟ್ಟಿರುತ್ತದಲ್ಲ, ಅದು ಕೀವಲ್ಲ, ಗಾಯದ ರಸಿಕೆ ಒಣಗಿದ್ದು. ನೆನೆದು ಮೆತ್ತಗಾದರೆ ಗಾಜ್ ಬಟ್ಟೆಗೆ ತಾನೇ ಅಂಟಿ ಬರುತ್ತದೆ. ಬರದಿದ್ದರೆ ಬಿಡು, ಉಗುರಿನಿಂದ ಕೀಳಬೇಡ. ಆಮೇಲೆ ಒಣ ಗಾಜ್ ಬಟ್ಟೆಯಿಂದ ಒತ್ತಿ ತೇವ ತೆಗೆ. ಟವೆಲ್ ಮಾತ್ರ ಬೇಡ, ಅದರ ದಾರ ಕಡ್ಡಿಗೆ ಸಿಕ್ಕಿಕೊಂಡು ಎಳೆಯುತ್ತದೆ. ಕಿವಿಯ ಹಿಂಭಾಗ ಒದ್ದೆ ಉಳಿಯುವ ಜಾಗ, ಕೂದಲಿನ ನೀರೆಲ್ಲ ಅಲ್ಲೇ ಇಳಿಯುತ್ತದೆ. ಅದನ್ನು ಮರೆಯಬೇಡ.

ಅಜ್ಜಿ ಫೋನಿನಲ್ಲಿ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು, ದಿನಾ ತಿರುಗಿಸು ಅಂತ ಹೇಳೇ ಹೇಳ್ತಾರೆ. "ಆಯ್ತಜ್ಜಿ" ಅನ್ನು, ಮಾಡಬೇಡ. ಎಣ್ಣೆ ತೂತಿನ ಬಾಯಿ ಮುಚ್ಚಿ ಧೂಳು ಹಿಡಿಯುತ್ತದೆ. ತಿರುಗಿಸಿದರೆ ಆ ಒಣ ಹಕ್ಕಳೆ ಒಳಗೆ ಹೋಗಿ ಆಗತಾನೇ ಹುಟ್ಟಿದ ಚರ್ಮವನ್ನು ಗೀರುತ್ತದೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಅವು ಕ್ರಿಮಿಯ ಜೊತೆ ಹೊಸ ಚರ್ಮವನ್ನೂ ಸುಡುತ್ತವೆ.

ಚುಚ್ಚಿಸಿದ್ದು ಎಡಗಿವಿ, ಮಲಗುವುದು ಬಲಕ್ಕೆ. ರಾತ್ರಿಯೆಲ್ಲ ದಿಂಬು ಒತ್ತಿದರೆ ಕಡ್ಡಿ ಓರೆಯಾಗುತ್ತದೆ, ತೂತೂ ಓರೆಯಾಗಿಯೇ ಮಾಯುತ್ತದೆ. ನಿದ್ದೆಯಲ್ಲಿ ಹೊರಳುವುದು ನಿನ್ನ ಅಭ್ಯಾಸ, ಬಸ್ಸಿನಲ್ಲಿ ಕತ್ತಿಗೆ ಹಾಕಿಕೊಳ್ಳುವ ದಿಂಬು ಇದೆಯಲ್ಲ, ಅದರ ನಡುವಿನ ತೂತಿಗೆ ಕಿವಿ ಬರುವಂತೆ ಮಲಗು. ದಿಂಬಿನ ಕವರು ವಾರಕ್ಕೆ ಎರಡು ಸಲ ಬದಲಾಯಿಸು. ತಲೆಗೆ ಎಣ್ಣೆ ಹಚ್ಚುವ ದಿನ ಆ ಕಡೆ ಎರಡು ಬೆರಳು ಜಾಗ ಬಿಡು. ಶಾಂಪೂ ನೊರೆ ಇಳಿದಮೇಲೆ ಕಿವಿಗೆ ಚೆನ್ನಾಗಿ ನೀರು ಬಿಡು. ಬಾಚಣಿಗೆ, ದುಪಟ್ಟಾ, ಹೆಲ್ಮೆಟ್ ಮೂರರ ಮೇಲೂ ಗಮನ ಇರಲಿ. ಈಜುಕೊಳ ಸದ್ಯಕ್ಕೆ ಬೇಡವೇ ಬೇಡ.

ಈಗಿರುವ ಟೈಟಾನಿಯಂ ಕಡ್ಡಿ ಉದ್ದವಾಗಿದೆ ಅಂತ ಬೇಸರ ಪಡಬೇಡ, ಊತಕ್ಕೆ ಜಾಗ ಬೇಕಲ್ಲ. 6ರಿಂದ 8 ವಾರಕ್ಕೆ ಊತ ಇಳಿದಿದ್ದರೆ ಚುಚ್ಚಿದವರ ಹತ್ತಿರವೇ ಹೋಗಿ ಗಿಡ್ಡದ್ದು ಹಾಕಿಸಿಕೋ. ಉದ್ದದ್ದನ್ನೇ ಉಳಿಸಿಕೊಂಡರೆ ಅದು ಅಲ್ಲಾಡುತ್ತಾ ಪಕ್ಕದಲ್ಲಿ ಕೆಂಪು ಗುಳ್ಳೆ ಏಳಿಸುತ್ತದೆ. ಹಾಗೆ ಎದ್ದರೆ ಕ್ರೀಮು ಹುಡುಕಬೇಡ, ಎಲ್ಲಿ ಒತ್ತುತ್ತಿದೆ, ಎಲ್ಲಿ ಎಳೆಯುತ್ತಿದೆ ಅಂತ ಹುಡುಕು. ಗುಳ್ಳೆ ಗಟ್ಟಿಯಾಗಿ, ಗಾಯದ ಗಡಿ ದಾಟಿ, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅದು ಕೆಲಾಯ್ಡ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಬೇಕು. ಅಗ್ಗದ ರಿಂಗುಗಳಲ್ಲಿ ನಿಕ್ಕಲ್ ಇರುತ್ತದೆ, ತುರಿಕೆ, ನೀರು ಸೋರುವುದು ಅದರಿಂದಲೇ. ರಿಂಗಿನ ಆಸೆ ವರ್ಷ ತುಂಬಿದ ಮೇಲೆ.

ಇದೊಂದನ್ನು ಎರಡು ಸಲ ಓದು. ಮೊದಲ ವಾರದ ಸ್ವಲ್ಪ ನೋವು, ಕೆಂಪು ಸಹಜ. ಆದರೆ ಮೇಲ್ಗಿವಿಯೆಲ್ಲ ಕೆಂಪಾಗಿ, ಬಿಸಿಯಾಗಿ, ಊದಿ ಸಿಡಿಯುತ್ತಿದ್ದು, ಕೆಳಗಿನ ಹಾಲೆ ಮಾತ್ರ ಮಾಮೂಲಾಗಿ ಇದ್ದರೆ ಸೋಂಕು ಮೃದ್ವಸ್ಥಿಯ ಪೊರೆಗೆ ತಗುಲಿದೆ ಎಂದೇ ತಿಳಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು. ಇದನ್ನು ಹೆಚ್ಚಾಗಿ ತರುವುದು ನೀರಿನಲ್ಲಿ ಇರುವ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಮಾಮೂಲಿ ಆ್ಯಂಟಿಬಯಾಟಿಕ್‌ಗಳಲ್ಲಿ ಹಲವು ಅದಕ್ಕೆ ಬಗ್ಗುವುದಿಲ್ಲ, ಮೆಡಿಕಲ್ ಶಾಪಿನವರನ್ನು ಕೇಳಿ ಮಾತ್ರೆ ನುಂಗಬೇಡ. ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದರೆ ಮೃದ್ವಸ್ಥಿಗೆ ಆಹಾರ ತಪ್ಪಿ ಸಾಯುತ್ತದೆ, ಕಿವಿ ಮುದುಡುತ್ತದೆ, ಮೊದಲಿನ ಆಕಾರ ಬರುವುದು ಕಷ್ಟ. ಹೆದರಿ ಓಲೆಯನ್ನು ನೀನೇ ಕಿತ್ತುಹಾಕಬೇಡ. ತೂತಿನ ಬಾಯಿ ಮುಚ್ಚಿ ಕೀವು ಒಳಗೇ ಉಳಿದುಬಿಡುತ್ತದೆ. ತೆಗೆಯಬೇಕೋ ಬೇಡವೋ ಡಾಕ್ಟರು ಹೇಳಲಿ.

ಧನುರ್ವಾಯುವಿನ ಟಿಡಿ ಚುಚ್ಚುಮದ್ದು ನಿನಗೆ 16ನೇ ವಯಸ್ಸಿಗೆ ಆಗಿದೆ, ಈಗ ಮತ್ತೆ ಬೇಕಾಗಿಲ್ಲ.

ಭಾನುವಾರ ಕಿವಿಯ ಹಿಂಬದಿಯ ಫೋಟೋ ಕಳಿಸು. ಕಿಟಕಿ ಬೆಳಕಿನಲ್ಲಿ, ಕೂದಲು ಎತ್ತಿ ಕಟ್ಟಿಕೊಂಡು, ರೂಮಿನವಳ ಕೈಯಲ್ಲಿ ತೆಗೆಸು. ಫ್ಲ್ಯಾಶ್ ಹಾಕಿದರೆ ಕೆಂಪು ಎಷ್ಟಿದೆ ಅಂತ ನನಗೆ ಗೊತ್ತಾಗೋದಿಲ್ಲ.

ನಿನ್ನ
ಅಮ್ಮ