ಆವತ್ತು ಗೊತ್ತಿರದಿದ್ದದ್ದು ಹಾಗೇ ಇರಲಿ

ಮಡಿಕೇರಿ

ಪ್ರೀತಿಯ ತಂಗೀ,

ಬೆಂಗಳೂರಿನ ಮೊದಲ ದಿನದ ಬಗ್ಗೆ ನೀನು ಬರೆದ ಬರಹ ತಲುಪಿತು. ಎರಡು ಸಲ ಓದಿದೆ. ಇಲ್ಲಿ ಮಳೆ ಬಿಟ್ಟಿಲ್ಲ, ಬೆಳಿಗ್ಗೆಯಿಂದ ಕರೆಂಟೂ ಇಲ್ಲ. ಅದಕ್ಕೇ ಕಾಗದ, ಪೆನ್ನು.

ಮೊದಲು ಜಗಳ ಮುಗಿಸಿಬಿಡೋಣ. 'ಕಾಂಕ್ರೀಟ್ ಕಾಡು' ಹೊಡೆದು ಹಾಕು. 'ಯಂತ್ರಗಳಂತೆ ಓಡುವ ಜನ', 'ಇಲ್ಲಿ ಯಾರಿಗೂ ಯಾರೂ ಇಲ್ಲ', ಇವೂ ಬೇಡ. ಇದೆಲ್ಲ ನೀನು ಬಸ್ ಹತ್ತುವ ಮುಂಚೆಯೇ ನಿನ್ನ ತಲೆಯಲ್ಲಿತ್ತು. ಇಷ್ಟು ಬರೆಯೋಕೆ ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ, ಅಲ್ವಾ?

2011ರ ಜನಗಣತಿ ಹಾಕಿದ್ದೀಯ. ನಮ್ಮ ಜಿಲ್ಲೆಯಲ್ಲಿ 5.54 ಲಕ್ಷ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಲೆಕ್ಕ ಸರಿಯಾಗಿದೆ. ಆದರೆ 96 ಲಕ್ಷ ಜನ ಯಾರ ಕಣ್ಣಿಗೂ ಬೀಳೋದಿಲ್ಲ. ನೀನು ಸರಿಯಾಗಿ ನೋಡಿದ್ದು ಮೆಟ್ರೋ ಗೇಟಿನ ಹತ್ತಿರ ನಿನ್ನ ಮುಂದೆ ನಿಂತಿದ್ದ ಒಬ್ಬ ಹೆಂಗಸನ್ನು.

ಆ ವಿಷಯ ನೀನು ನನಗೆ ಫೋನಿನಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದೆ! ಬರಹದಲ್ಲಿ ನೋಡಿದರೆ 'ಮೆಟ್ರೋದಲ್ಲಿ ಪ್ರಯಾಣಿಸಿದೆ' ಅಂತ ಒಂದೇ ಸಾಲು. ಮೆಜೆಸ್ಟಿಕ್‌ನಲ್ಲಿ ಆಕೆ ಕಾರ್ಡ್ ಮುಟ್ಟಿಸಿದಳು, ನೀನು ನೋಡಿಕೊಂಡು ಟೋಕನ್ ಮುಟ್ಟಿಸಿದೆ. ಗೇಟು ತೆರೆಯಿತು. ಟೋಕನ್ ಎಲ್ಲಿ ಬಿದ್ದುಹೋಗುತ್ತೋ ಅಂತ ದಾರಿಯುದ್ದಕ್ಕೂ ಮುಷ್ಟಿ ಬಿಡಲಿಲ್ಲ. ಇಳಿದ ಮೇಲೂ ಹಾಗೇ ಮುಟ್ಟಿಸಿದೆ. ತೆರೆಯಲಿಲ್ಲ. ಮತ್ತೆ ಮುಟ್ಟಿಸಿದೆ. ಹಿಂದೆ ಸಾಲು ಬೆಳೆಯಿತು. ಆಗ ಪಕ್ಕದಿಂದ ಒಂದು ಕೈ ಬಂದು, ನಿನ್ನ ಬೆರಳಿನಿಂದ ಟೋಕನ್ ತೆಗೆದುಕೊಂಡು, ಗೇಟಿನ ಸಂದಿಗೆ ಹಾಕಿತು. ನೀನು ತಿರುಗಿ ನೋಡುವಷ್ಟರಲ್ಲಿ ಅದು ಯಾರ ಕೈ ಅನ್ನೋದೇ ಗೊತ್ತಾಗಲಿಲ್ಲ.

ಕಾರ್ಡಿನವರು ಹೊರಗೆ ಹೋಗುವಾಗಲೂ ಮುಟ್ಟಿಸಿದರೆ ಸಾಕು, ಟೋಕನ್ ಮಾತ್ರ ಒಳಗೆ ಹಾಕಬೇಕು. ಬೆಂಗಳೂರಿನವರು ಇದನ್ನು ಯೋಚಿಸದೇ ಮಾಡುತ್ತಾರೆ, ಹಾಗಾಗಿ ಅವರ್ಯಾರೂ ಇದನ್ನು ಬರೆಯೋದಿಲ್ಲ. ಮುಂದಿನ ವರ್ಷ ನೀನೂ ಬರೆಯಲಾರೆ. ಈಗಲೇ ಬರೆ, ಒಂದು ಪುಟ ಆದರೂ ಆಗಲಿ. 'ಯಾರಿಗೂ ಯಾರೂ ಇಲ್ಲ' ಅಂದವಳು ನೀನೇ ತಾನೇ? ಆ ಕೈಯ ಪಕ್ಕ ಆ ಮಾತು ನಿಲ್ಲುತ್ತಾ, ನೋಡು.

ಇನ್ನು ಧರ್ಮಾಂಬುಧಿ ಕೆರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಆ ಕೆರೆಯ ಜಾಗದಲ್ಲಿ ಅನ್ನೋದು ನಿಜ. ಆದರೆ ಬಸ್ ಇಳಿದ ಕ್ಷಣ 'ಕಾಲ ಕೆಳಗೆ ಕೆರೆಯ ನಿಟ್ಟುಸಿರು ಕೇಳಿಸಿತು' ಅಂದಿದ್ದೀಯಲ್ಲ, ಸುಮ್ನೆ ಹೇಳು, ಆವತ್ತು ನಿನಗೆ ಆ ಕೆರೆ ಗೊತ್ತಿತ್ತಾ? ಆವತ್ತು ನೀನು ಹುಡುಕುತ್ತಿದ್ದದ್ದು ಶೌಚಾಲಯವನ್ನ. ಆಮೇಲೆ ಓದಿ ತಿಳಿದದ್ದನ್ನು 'ಆಮೇಲೆ ತಿಳಿಯಿತು' ಅಂತಲೇ ಬರೆ. ಮೊದಲ ದಿನದ ಹುಡುಗಿಯ ಬಾಯಲ್ಲಿ ತುರುಕಬೇಡ. ಅವಳಿಗೆ ಏನೂ ಗೊತ್ತಿರಲಿಲ್ಲ ಅನ್ನೋದೇ ಈ ಬರಹದ ಬಂಡವಾಳ.

ಕಾವೇರಿಗೂ ಇದೇ ಮಾತು. ನಲ್ಲಿ ತಿರುಗಿಸಿದಾಗ 'ನಮ್ಮ ತಲಕಾವೇರಿ ನನಗಿಂತ ಮೊದಲೇ ಬಂದಿದ್ದಳು' ಅಂತ ಕಣ್ಣೀರು. ಕೊಡಗಿನಿಂದ ಹೋಗುವ ನಮಗೆಲ್ಲ ಈ ಸಾಲು ತಾನಾಗೇ ಬಂದುಬಿಡುತ್ತದೆ, ನನಗೆ ಅದಕ್ಕೇ ಅನುಮಾನ. ಬರೆಯಲೇಬೇಕು ಅಂದರೆ ಆ ನೀರಿನ ದಾರಿ ಬರೆ. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ, ಹಂತಹಂತವಾಗಿ ಪಂಪ್ ಮಾಡಿ, ಹತ್ತಿರಹತ್ತಿರ 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. 1974ರಿಂದ ನಡೆದಿರುವ ಕೆಲಸ ಅದು. ನಮ್ಮ ಬೆಟ್ಟದಿಂದ ತಾನಾಗಿ ಇಳಿದು ಬಂದ ನದಿಯನ್ನು ಅಲ್ಲಿ ಕರೆಂಟ್ ಕೊಟ್ಟು ಹತ್ತಿಸುತ್ತಾರೆ. ಕಣ್ಣೀರಿಗಿಂತ ಇದು ಜಾಸ್ತಿ ಹೇಳುತ್ತೆ.

ಹೊಗಳಬೇಕಾದ ಸಾಲು ಒಂದಿದೆ, ಮರೆತಿಲ್ಲ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನೀರು ಸೋರುತ್ತಿದ್ದ ನಿನ್ನ ಕೊಡೆ ಹುಣಸೂರು ದಾಟುವಷ್ಟರಲ್ಲಿ ಒಣಗಿತ್ತು ಅಂದಿದ್ದೀಯ. ಭೇಷ್! ಜುಲೈ ಅಂದರೆ ನಮಗೆ ಕೊಡೆ ಇಲ್ಲದೆ ಅಂಗಳ ದಾಟೋಕಾಗಲ್ಲ. ಬೆಂಗಳೂರಿನ ಜೋರು ಮಳೆ ಬರೋದು ಸೆಪ್ಟೆಂಬರ್ ಹೊತ್ತಿಗೆ. ಆ ಉದ್ದ ಕೊಡೆ ಹಿಡಿದುಕೊಂಡು ಬಿಸಿಲಲ್ಲಿ ಊರೆಲ್ಲ ಸುತ್ತಿದೆಯಲ್ಲ, ಅದನ್ನು ಯಾಕೆ ಅರ್ಧಕ್ಕೇ ಬಿಟ್ಟೆ? ಸಿಟಿ ಬಸ್ಸಿನಲ್ಲಿ ಅದನ್ನು ಎಲ್ಲಿಟ್ಟೆ? ಯಾರ ಕಾಲಿಗೆ ತಾಗಿತು? ನನಗೆ ಇದೆಲ್ಲ ಬೇಕು.

ಇನ್ನೊಂದು ಕೆಲಸ. ಆ ರಾತ್ರಿ ಫೋನಿನಲ್ಲಿ ನೀನು ಏನೇನು ಹೇಳಿದೆ ಅಂತ ಅಮ್ಮನನ್ನು ಕೇಳಿ ಬರೆದುಕೋ. ಗೇಟಿನ ಹತ್ತಿರ ಸಿಕ್ಕಿಹಾಕಿಕೊಂಡದ್ದು ನನಗೆ ಹೇಳಿದ್ದೀಯ, ಅಮ್ಮನಿಗೆ ಹೇಳಿರಲಿಕ್ಕಿಲ್ಲ. 'ಊಟ ಆಯ್ತಾ' ಅಂದಾಗ ಆಗದೇ ಇದ್ದರೂ 'ಆಯ್ತು' ಅಂದಿರಬಹುದು. ನನಗೆ ಹೇಳಿದ್ದು, ಅಮ್ಮನಿಗೆ ಹೇಳದೇ ಬಿಟ್ಟದ್ದು, ಎರಡನ್ನೂ ಎದುರುಬದುರು ಇಟ್ಟುಕೊಂಡು ಇನ್ನೊಮ್ಮೆ ಬರೆ. ಹಳೇ ಪ್ರತಿ ಮುಂದೆ ಇಟ್ಟುಕೊಳ್ಳಬೇಡ. ಈ ತಿಂಗಳೊಳಗೆ ಕಳಿಸು, ಉದ್ದ ಆಯಿತು ಅಂತ ಹೆದರಬೇಡ, ಕತ್ತರಿಸೋಕೆ ನಾನಿದ್ದೇನೆ.

ನಿನ್ನ
ಅಕ್ಕ