ಗೆಳೆಯನಿಗೊಂದು ಪತ್ರ: ಕೊನೆಗೂ ನಂದಿ ದಾಟಿದೆ ಕಣೋ

ಪ್ರೀತಿಯ ಗೆಳೆಯಾ,

ನವೆಂಬರ್ ಕೊನೆಗೆ ಟೋಕಿಯೋಗೆ ಬರುತ್ತೀಯಂತೆ. ಒಂದು ದಿನ ಬೆಟ್ಟ ಹತ್ತಿಸು ಅಂತ ಬೇರೆ ಬರೆದಿದ್ದೀಯ. ಓದಿ ಜೋರಾಗಿ ನಕ್ಕೆ. ನಾವು ಎಂಥವರು ಅಂತ ಮರೆತೆಯಾ? ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟು, ನಂದಿ ಹತ್ತಿರ ಉಪ್ಪು ಖಾರ ಸವರಿದ ಸೌತೆಕಾಯಿ ತಿಂದು, ಅಲ್ಲಿಂದಲೇ ತಾಯಿಗೆ ಕೈ ಮುಗಿದು ಇಳಿದು ಬರುತ್ತಿದ್ದವರು. ನಂದಿಯಿಂದ ಮೇಲಿನ ಮೆಟ್ಟಿಲು ಹೇಗಿವೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಇಲ್ಲಿ ಮಾತ್ರ ಸುಮ್ನೆ ಮನೆಯಲ್ಲಿ ಕೂರುವ ಹಾಗಿಲ್ಲ. ಮಾರ್ಚ್ ಕೊನೆಗೆ ಸಕುರಾ, ಅಂದರೆ ಚೆರ್ರಿ ಹೂ, ಬಿಟ್ಟಿತೆಂದರೆ ಇಡೀ ಊರು ಮರದ ಕೆಳಗೆ ನೀಲಿ ಟಾರ್ಪಾಲು ಹಾಸುತ್ತದೆ. ಆ ಹೂವಿನ ಆಯಸ್ಸು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮೊದಲ ವರ್ಷ ಆಫೀಸಿನವರು ಹೊಸಬ ಅಂತ ನನ್ನನ್ನೇ ಬೆಳಿಗ್ಗೆ ಉಯೆನೊ ಪಾರ್ಕಿಗೆ ಅಟ್ಟಿ ಜಾಗ ಹಿಡಿಸಿದ್ದರು. ನಮ್ಮೂರ ಬಸ್ಸಿನ ಕಿಟಕಿಗೆ ಟವೆಲ್ ಹಾಕುವ ಕೆಲಸವೇ, ನಾಲ್ಕು ಗಂಟೆ ಚಳಿಯಲ್ಲಿ ಕೂರಬೇಕು ಅಷ್ಟೇ. ಜೂನ್ ಮಳೆಯಲ್ಲಿ ಕಾಮಕುರಾದ ಹೈಡ್ರೇಂಜಿಯಾ, ಜುಲೈ ಕೊನೆಗೆ ಸುಮಿದಾ ನದಿಯ ಪಟಾಕಿ. ಎರಡು ಕಡೆಯೂ ಜನರ ಬೆನ್ನು ನೋಡಿದ್ದೇ ಜಾಸ್ತಿ.

ಆಮೇಲೆ ಮೊಮಿಜಿ, ಅಂದರೆ ಎಲೆ ಕೆಂಪಾಗುವ ಕಾಲ. ಸಕುರಾ ದಕ್ಷಿಣದಿಂದ ಉತ್ತರಕ್ಕೆ ಅರಳುತ್ತಾ ಹೋದರೆ ಈ ಕೆಂಪು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ಟೀವಿಯಲ್ಲಿ ಮಳೆಯ ನಕ್ಷೆ ತೋರಿಸುವ ಹಾಗೆ ಇದಕ್ಕೂ ನಕ್ಷೆ ತೋರಿಸುತ್ತಾರೆ. ಟೋಕಿಯೋ ಸರದಿ ನವೆಂಬರ್ ಕೊನೆಗೆ. ಹೋದ ವರ್ಷ ಆ ನಕ್ಷೆ ನೋಡಿಯೇ ತಕಾವೊ ಬೆಟ್ಟಕ್ಕೆ ಹೊರಟೆ.

ಎತ್ತರ 599 ಮೀಟರ್. ಬಾಟಾ ಚಪ್ಪಲಿಯ ಬೆಲೆ ಇದ್ದ ಹಾಗಿದೆ ಅಲ್ವಾ? ಚಾಮುಂಡಿ ಬೆಟ್ಟವೇ ಸಾವಿರ ಮೀಟರ್ ದಾಟುತ್ತದೆ, ಇದೇನು ಮಹಾ ಅಂದುಕೊಂಡೆ. ಮೈಸೂರೇ ಏಳುನೂರು ಮೀಟರ್‌ಗಿಂತ ಮೇಲೆ ಕೂತಿದೆ ಅನ್ನುವುದು ಹೊಳೆಯಲಿಲ್ಲ. ಇಲ್ಲಿ ಸ್ಟೇಷನ್ನಿಂದ ತುದಿಗೆ ಹತ್ತಬೇಕಾದ್ದು ಸುಮಾರು 400 ಮೀಟರ್, ನಮ್ಮ ಬೆಟ್ಟಕ್ಕಿಂತ ಜಾಸ್ತಿ. ಶನಿವಾರ ಅಂತ ಲೇಟಾಗಿ ಎದ್ದು, ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿ, ಶಿಂಜುಕುವಿನಿಂದ ಕೇಯೋ ಲೈನ್ ಹಿಡಿದೆ. ಒಂದು ಗಂಟೆಯೂ ಬೇಡ, ಟಿಕೆಟ್ಟು ನಾನೂರು ಚಿಲ್ಲರೆ ಯೆನ್. ಬೆಟ್ಟದ ಬುಡದಲ್ಲಿ ಇಳಿದಾಗ ಗಂಟೆ ಹನ್ನೆರಡೂವರೆ.

1ನೇ ದಾರಿ ಬಹುಪಾಲು ರಸ್ತೆಯ ಹಾಗಿದೆ. ಅದರಲ್ಲಿ ಅಜ್ಜಿಯರೂ ತಳ್ಳುಗಾಡಿಯ ಮಕ್ಕಳೂ ಹೋಗುತ್ತಿದ್ದರು. ನನಗೆ ಜಂಬ. ಹಳ್ಳದ ಪಕ್ಕದ 6ನೇ ದಾರಿ ಹಿಡಿದೆ. ಕಾಲಲ್ಲಿ ಆಫೀಸಿಗೆ ಹಾಕುವ ಕ್ಯಾನ್ವಾಸ್ ಶೂ, ಅಡಿ ಸವೆದು ದೋಸೆ ಕಾವಲಿಯಷ್ಟು ನುಣ್ಣಗಾಗಿತ್ತು. ಸೀಡರ್ ಮರಗಳ ನೆರಳು, ನೀರಿನ ಸದ್ದು, ಎದುರಾದವರೆಲ್ಲ ‘ಕೊನ್ನಿಚಿವಾ’ ಅನ್ನುವುದು. ಟ್ರೈನಿನಲ್ಲಿ ಮುಖ ಎತ್ತದ ಜನ ಬೆಟ್ಟದಲ್ಲಿ ನೆಂಟರ ಹಾಗೆ ಮಾತಾಡಿಸುತ್ತಾರೆ. ಮೇಲೆ ಹೋದಂತೆ ಹಳ್ಳವೇ ದಾರಿಯಾಗುತ್ತದೆ. ನೀರಿನ ನಡುವೆ ಕಲ್ಲುಗಳು, ಒಂದರಿಂದ ಒಂದಕ್ಕೆ ಕಾಲಿಡಬೇಕು. ನನ್ನ ಮುಂದೆ ನಾಲ್ಕೈದು ವರ್ಷದ ಹುಡುಗಿ ಕುಂಟೆಬಿಲ್ಲೆ ಆಡುವ ಹಾಗೆ ಹೋದಳು. ಅವಳನ್ನೇ ನೋಡುತ್ತಾ ಕಾಲಿಟ್ಟೆ, ಪಾಚಿ, ಸರ್ರನೆ ಜಾರಿ ಬಲಗಾಲು ಮೀನಖಂಡದವರೆಗೆ ನೀರಲ್ಲಿ. ಹುಡುಗಿ ತಿರುಗಿ ನೋಡಿ, ಬಹಳ ಗಂಭೀರವಾಗಿ, ಯಾವ ಕಲ್ಲಿಗೆ ಕಾಲಿಡಬೇಕು ಅಂತ ಬೆರಳು ಮಾಡಿ ತೋರಿಸಿದಳು.

ತುದಿ ತಲುಪಿದಾಗ ಮೂರು ಹತ್ತಿರ. ಫುಜಿ ಪರ್ವತ ಕಾಣಬೇಕಾದ ಕಡೆ ಮೋಡ. ಒದ್ದೆ ಕಾಲುಚೀಲ ಬ್ಯಾಗಿಗೆ ನೇತುಹಾಕಿ ಚಿತ್ರಾನ್ನ ತಿಂದೆ. ಕಸದ ಬುಟ್ಟಿ ಎಲ್ಲೂ ಇಲ್ಲ, ನಿನ್ನ ಕಸ ನೀನೇ ಮನೆಗೆ ಒಯ್ಯಬೇಕು. ಮೋಡ ಸರಿಯಬಹುದು ಅಂತ ಕಾದೆ. ಅದೇ ತಪ್ಪಾಯಿತು. ಆ ಸಮಯಕ್ಕೆ ಇಲ್ಲಿ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು. ಇಳಿಯಲು ಇನಾರಿಯಾಮಾ ಅನ್ನುವ ದಿಣ್ಣೆಯ ದಾರಿಗೆ ಇಳಿದೆ, ತುಂಬ ಬೇರುಗಳು. ಹತ್ತು ನಿಮಿಷಕ್ಕೆ ನನ್ನ ಕಾಲೇ ನನಗೆ ಕಾಣದು. ಫೋನಿನಲ್ಲಿ ಚಾರ್ಜ್ 11 ಪರ್ಸೆಂಟ್. ಹಿಂದಿನಿಂದ ಹಣೆಗೆ ಟಾರ್ಚ್ ಕಟ್ಟಿಕೊಂಡ ವಯಸ್ಸಾದ ದಂಪತಿ ಬಂದರು. ‘ರೈಟೊ?’ ಅಂದರು. ಲೈಟು ಇಲ್ಲ ಅಂತ ಫೋನ್ ತೋರಿಸಿದೆ. ಆಯಮ್ಮ ನನ್ನ ಶೂ ನೋಡಿದರು, ಬ್ಯಾಗಿನ ಕಾಲುಚೀಲ ನೋಡಿದರು, ಏನೂ ಅನ್ನಲಿಲ್ಲ. ಗಂಡ ಮೇಲಕ್ಕೆ ಕೈ ತೋರಿಸಿ, ವಾಪಸ್ ಹತ್ತಿ 1ನೇ ದಾರಿಯಲ್ಲಿ ಇಳಿ ಅಂದರು. ಬಯ್ದಿದ್ದರೇ ವಾಸಿಯಿತ್ತು. ಮತ್ತೆ ಹತ್ತಿ, ಅಜ್ಜಿಯರ ರಸ್ತೆಯಲ್ಲೇ ತೆಪ್ಪಗೆ ಇಳಿದೆ.

ಛಲ ಬಂತು. ಡಿಸೆಂಬರಿನಲ್ಲಿ ಒಂದು ಬುಧವಾರ ರಜೆ ಹಾಕಿ, ಗಟ್ಟಿ ಶೂ ಕೊಂಡು, ಬೆಳಿಗ್ಗೆಯೇ ಹೋದೆ. ಈ ಸಲ 1ನೇ ದಾರಿ, ಅದರ ಮಧ್ಯೆ ಯಾಕುಓಯಿನ್ ದೇವಸ್ಥಾನ. 744ರಲ್ಲಿ ಕಟ್ಟಿದ್ದಂತೆ. ನಾನು ಹೋದಾಗ ಭಿಕ್ಷುಗಳು ಶಂಖ ಊದುತ್ತಾ ಸಾಲಾಗಿ ಒಳಗೆ ಹೋಗುತ್ತಿದ್ದರು. ಹಿಂದೆಯೇ ಹೋಗಿ ಕೂತೆ. ದೊಡ್ಡ ನಗಾರಿ ಎದೆಗೆ ಬಡಿಯುವ ಹಾಗೆ ಶುರುವಾಯಿತು, ಮಂತ್ರ, ಮಧ್ಯದಲ್ಲಿ ಬೆಂಕಿ, ಅದಕ್ಕೆ ಒಂದೊಂದೇ ಕಟ್ಟಿಗೆ. ಇದಕ್ಕೆ ‘ಗೋಮ’ ಅನ್ನುತ್ತಾರೆ. ನಮ್ಮ ಹೋಮವೇ ಕಣೋ, ಚೀನಾ ದಾಟಿ ಬರುವಷ್ಟರಲ್ಲಿ ಗೋಮ ಆಗಿದೆ. ಅಲ್ಲಿನ ದೇವರು ಇಜುನಾ ದೈಗೊಂಗೆನ್, ಐದು ದೇವರು ಒಂದೇ ಮೈಯಲ್ಲಿ ಸೇರಿದ್ದಂತೆ. ಆ ಐವರಲ್ಲಿ ಗರುಡ, ಗಣಪತಿ, ಸರಸ್ವತಿ ಇದ್ದಾರೆ, ಹೆಸರು ಮಾತ್ರ ಕರುರಾ, ಕಾಂಗಿತೆನ್, ಬೆಂಜಾಯ್ತೆನ್. ಮೂರು ವರ್ಷದಿಂದ ಇಲ್ಲಿ ಯಾವ ಸಾಲಿನಲ್ಲಿ ನಿಂತರೂ ಹೊರಗಿನವನೇ ಅನ್ನಿಸುತ್ತಿತ್ತು. ಆ ಹೊಗೆ ಕಣ್ಣಿಗೆ ಹೋದಾಗ ಪಕ್ಕದವರ ಹಾಗೆ ನಾನೂ ಕಣ್ಣು ಉಜ್ಜಿಕೊಂಡೆ, ಅಷ್ಟೇ.

ಅವತ್ತು ಫುಜಿ ಕಂಡಿತು. ಚಳಿಗಾಲದ ಒಣ ಗಾಳಿಗೆ ಸ್ಪಷ್ಟವಾಗಿ, ಬಿಳಿ ಟೋಪಿ ಹಾಕಿಕೊಂಡು. ಫೋಟೋ ಕಳಿಸಿದ್ದೆನಲ್ಲ, ನೀನು ಬರೀ ಥಂಬ್ಸ್ ಅಪ್ ಒತ್ತಿದ್ದೆ.

ಸರಿ, ನಿನ್ನ ವಿಷಯ. ನವೆಂಬರ್ ವಾರಾಂತ್ಯ ಬೇಡ, ಜನಜಾತ್ರೆ. ವಾರದ ನಡುವೆ ಹೋಗೋಣ, ಏಳಕ್ಕೆ ಮನೆ ಬಿಡಬೇಕು. ನಿನ್ನ ಮೊಣಕಾಲಿಗೆ ಕೇಬಲ್ ಕಾರ್ ಇದೆ. ಅದರ ಹಳಿ 31 ಡಿಗ್ರಿ ವಾಲಿದೆ, ಜಪಾನಿನಲ್ಲೇ ಅತಿ ಕಡಿದು ಅನ್ನುತ್ತಾರೆ. ಅದು ಇಳಿಸುವ ಕಡೆ ದಾಂಗೊ ಸುಟ್ಟು ಮಾರುತ್ತಾರೆ, ಅಕ್ಕಿ ಹಿಟ್ಟಿನ ಉಂಡೆ, ಘಮ್ ಅನ್ನುತ್ತದೆ. ಅದು ಇಲ್ಲಿನ ನಂದಿ ಅಂತ ತಿಳಿದುಕೋ. ತಿನ್ನು, ಆದರೆ ಅಲ್ಲಿಂದಲೇ ಕೈ ಮುಗಿದರೆ ನಾನು ಬಿಡುವುದಿಲ್ಲ. ಸೋಬಾ ಅನ್ನುವ ನೂಡಲ್ಸ್ ಅಂಗಡಿಗಳ ಸಾರಿನಲ್ಲಿ ಮೀನು ಇರುತ್ತದೆ, ನಿನಗೆ ಆಗದು. ಊಟ ನಾವೇ ಒಯ್ಯೋಣ. ಹಣೆ ಟಾರ್ಚ್ ಎರಡು ಕೊಂಡಿಟ್ಟಿದ್ದೇನೆ. ನೀನು ಅಮ್ಮನ ಹತ್ತಿರ ಪುಳಿಯೋಗರೆ ಗೊಜ್ಜು ಮಾಡಿಸಿಕೊಂಡು ಬಾ. ದೊಡ್ಡ ಲಗೇಜಿನಲ್ಲಿ ಹಾಕು. ಕೈಚೀಲದಲ್ಲಿಟ್ಟರೆ ಏರ್‌ಪೋರ್ಟಿನಲ್ಲೇ ಎತ್ತಿಟ್ಟುಕೊಳ್ಳುತ್ತಾರೆ.

ನಿನ್ನ
ಹಳೇ ಬೆಟ್ಟದ ಜೊತೆಗಾರ