ವಿಷಯ: ನನ್ನ ತಂತ್ರಾಂಶದ ಲೈಸೆನ್ಸ್ ಫೈಲ್ ಕಿತ್ತುಹಾಕಿದ್ದರ ಬಗ್ಗೆ, ನಾಲ್ಕನೇ ಸಲ

ಮಾನ್ಯರೇ,

ಮೂರು ಮೇಲ್ ಕಳಿಸಿದೆ, ಎರಡು ಸಲ ಫೋನ್ ಮಾಡಿದೆ. ನೀವು "ಪರಿಹಾರವಾಗಿದೆ" ಅಂತ ಟಿಕೆಟ್ ಮುಚ್ಚಿದ್ದೀರಿ. ಯಾರಿಗೆ ಪರಿಹಾರವಾಯಿತೋ ಗೊತ್ತಿಲ್ಲ.

ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫೈಲುಗಳನ್ನು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡಿಗೆ ತರುವ ನನ್ನ ಪುಟ್ಟ ತಂತ್ರಾಂಶ ನಿಮ್ಮ ಡೌನ್‌ಲೋಡ್ ತಾಣದಲ್ಲಿದೆ. ಲೈಸೆನ್ಸ್ ಜಿಪಿಎಲ್ 3, ಅಂದರೆ ಮುಕ್ತ ತಂತ್ರಾಂಶದ ಲೈಸೆನ್ಸ್. ಅಪ್‌ಲೋಡ್ ಮಾಡುವಾಗ ನಿಮ್ಮ ಪಟ್ಟಿಯಿಂದಲೇ ಆರಿಸಿದ್ದು. ಈಗ ನೋಡಿದರೆ ಜಿಪ್ ಒಳಗೆ ಲೈಸೆನ್ಸ್ ಫೈಲ್ ಇಲ್ಲ, ಪುಟದಲ್ಲಿ ಸೋರ್ಸ್ ಕೋಡ್ ಲಿಂಕೂ ಇಲ್ಲ. ಅದರ ಜಾಗದಲ್ಲಿ ನಿಮ್ಮ ನಿಯಮ 9.2 ಕೂತಿದೆ: ನಕಲು ಮಾಡುವಂತಿಲ್ಲ, ತಿದ್ದುವಂತಿಲ್ಲ, ಹಂಚುವಂತಿಲ್ಲ. ಜಿಪಿಎಲ್ ಇರುವುದೇ ಈ ಮೂರಕ್ಕೂ ಅನುಮತಿ ಕೊಡೋಕೆ ಅಲ್ವಾ? ಮೇಲೆ ಬೇರೆ ನಿರ್ಬಂಧ ಹಾಕುವಂತಿಲ್ಲ ಅಂತ ಅದರ 10ನೇ ಕಲಮಿನಲ್ಲೇ ಇದೆ. ನಿಮ್ಮದೇ 4.1ರ ಪ್ರಕಾರ ಲೇಖಕರ ಲೈಸೆನ್ಸೇ ಅಂತಿಮ. 4.1 ಬರೆದವರಿಗೂ 9.2 ಬರೆದವರಿಗೂ ಮಾತುಕತೆ ನಿಂತಿದೆಯಾ?

ಕಳೆದ ಗುರುವಾರದ ಫೋನಿನ ವಿಷಯ ಹೇಳಲೇಬೇಕು. ನನ್ನದು ಡಿಟಿಪಿ ಅಂಗಡಿ. ಎದುರಿಗೆ ಲಗ್ನಪತ್ರಿಕೆ ಪ್ರೂಫ್ ನೋಡಲು ಬಂದ ಗಿರಾಕಿ ಕೂತಿದ್ದರು, ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿದ್ದೆ. "ಲೈಸೆನ್ಸ್ ಯಾರ ಹೆಸರಲ್ಲಿದೆ ಸರ್?" ಅಂತ ಫೋನಿನಲ್ಲಿ ನಿಮ್ಮವರು ಕೇಳಿದರು. ನನ್ನದೇ ಅಂದೆ. "ಸ್ಕ್ಯಾನ್ ಮಾಡಿ ಕಳಿಸಿ, ನಗರಸಭೆ ಸೀಲ್ ಕಾಣಬೇಕು." ಅವರು ಕೇಳುತ್ತಿರುವುದು ಅಂಗಡಿಯ ಟ್ರೇಡ್ ಲೈಸೆನ್ಸ್ ಅಂತ ತಿಳಿಯಲು ಐದು ನಿಮಿಷ ಹಿಡಿಯಿತು. ವಿವರಿಸಿದೆ. ಹನ್ನೊಂದು ನಿಮಿಷ ಹಾಡು ಕೇಳಿಸಿದರು. ಆಮೇಲೆ, "ಹಾಗಾದ್ರೆ ಪೂರ್ತಿ ಹಕ್ಕು ನಮಗೇ ಬರೆದುಕೊಡಿ ಸರ್, ಮುಗೀತು."

ಹೇಗೆ ಬರೆದುಕೊಡಲಿ? ನುಡಿ ಫೈಲಿನಲ್ಲಿ "ಧರ್ಮ" ಪದದ ಅರ್ಕಾವತ್ತು ಮಕಾರ ಆದಮೇಲೆ ಇರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎಳೆದು ಕೂರಿಸುವ ಕೋಡ್ ನನ್ನದಲ್ಲ, ರಜೆಯಲ್ಲಿ ಕೂತು ಬರೆದುಕೊಟ್ಟ ಮೇಷ್ಟ್ರೊಬ್ಬರದ್ದು. ಅದರ ಹಕ್ಕು ಅವರದ್ದೇ. ಇದನ್ನು ಹೇಳುತ್ತಿದ್ದರೆ ನಿಮ್ಮವರು, "ಫ್ರೀಯಾಗಿ ಕೊಟ್ಟ ಮೇಲೆ ನಿಮ್ಮದೇನು ಸರ್ ಹೋಗೋದು?" ಗಿರಾಕಿ ನಕ್ಕರು. ನಕ್ಕು ಸುಮ್ಮನಾಗಲಿಲ್ಲ, "ಹಾಗಾದ್ರೆ ನಮ್ಮ ಪತ್ರಿಕೆನೂ ಫ್ರೀನಾ?" ಅಂದರು.

ಶಾಂತವಾಗಿ ಬರೆಯಬೇಕು ಅಂದುಕೊಂಡೇ ಕೂತಿದ್ದೆ.

ಆಪಲ್ 2011ರ ಜನವರಿಯಲ್ಲಿ ಜಿಪಿಎಲ್ ಲೈಸೆನ್ಸಿನ ವಿಡಿಯೋ ಪ್ಲೇಯರ್ ವಿಎಲ್‌ಸಿಯನ್ನು ಆಪ್ ಸ್ಟೋರಿನಿಂದ ತೆಗೆದದ್ದು ಇಂಥದ್ದೇ ಜಗಳಕ್ಕೆ. ದೂರು ಕೊಟ್ಟಿದ್ದು ವಿಎಲ್‌ಸಿ ಬರೆದವರಲ್ಲೇ ಒಬ್ಬರು. ಜಿಪಿಎಲ್ 3ರ 8ನೇ ಕಲಂ ಮೊದಲ ಸಲ ತಪ್ಪಿದವರಿಗೆ ನೋಟಿಸ್ ಸಿಕ್ಕ ಮೇಲೆ ಸರಿಪಡಿಸಿಕೊಳ್ಳಲು 30 ದಿನ ಕೊಡುತ್ತದೆ. ಈ ಪತ್ರವೇ ಆ ನೋಟಿಸ್. ಲೈಸೆನ್ಸ್ ಫೈಲ್, ಸೋರ್ಸ್ ಲಿಂಕ್ ಎರಡೂ ವಾಪಸ್ ಬರದಿದ್ದರೆ 31ನೇ ದಿನ 1957ರ ಕೃತಿಸ್ವಾಮ್ಯ ಕಾಯ್ದೆ ಹಿಡಿದುಕೊಂಡು ವಕೀಲರ ಹತ್ತಿರ ಹೋಗುತ್ತೇನೆ. ಮೇಷ್ಟ್ರೂ ಬರುತ್ತಾರಂತೆ, ಅವರಿಗೆ ನನಗಿಂತ ಜಾಸ್ತಿ ಸಿಟ್ಟಿದೆ. ಫೋನ್ ರೆಕಾರ್ಡ್ ಮಾಡಿಕೊಳ್ಳುವವರು ನೀವು ಮಾತ್ರ ಅಂದುಕೊಳ್ಳಬೇಡಿ, ಆ ಹನ್ನೊಂದು ನಿಮಿಷದ ಹಾಡೂ ನನ್ನ ಹತ್ತಿರ ಇದೆ.

ಲಗತ್ತು: ಅಂಗಡಿಯ ಟ್ರೇಡ್ ಲೈಸೆನ್ಸ್. ಸೀಲ್ ಸರಿಯಾಗಿ ಕಾಣುತ್ತಿದೆ, ನೋಡಿಕೊಳ್ಳಿ.